ಇಲ್ಲದ ಜಡ್ಡಿಗೆ ಹನ್ನೊಂದು ಶಿಕ್ಕಾ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೆ ಸೀಳಿತ್ತು. ಎಂದೋ ಶಾಲೆಯ ಬಾಗಿಲಿಗೆ ಸಿಕ್ಕಿ ಸೀಳಿದ್ದು, ಮತ್ತೆ ಒಂದಾಗಲೇ ಇಲ್ಲ. ನಮ್ಮ ಪಾಟಿಯ ಮೇಲೆ ತಪ್ಪು ಕಂಡರೆ ಅವರು ಬಳಪ ಹುಡುಕುತ್ತಿರಲಿಲ್ಲ, ಆ ಉಗುರಿನಿಂದಲೇ ಕೆಳಗೆ ಗೆರೆ ಎಳೆಯುತ್ತಿದ್ದರು. ಸೀಳಿದ ಉಗುರಾದ್ದರಿಂದ ಒಂದರ ಬದಲು ಎರಡು ಗೆರೆ ಮೂಡುತ್ತಿದ್ದವು. ಆ ಕಿರ್ರೆನ್ನುವ ಸದ್ದಿಗೆ ತಪ್ಪು ಮಾಡದವರ ಮೈಯೂ ಜುಮ್ಮೆನ್ನುತ್ತಿತ್ತು. ನಮ್ಮ ತರಗತಿಯಲ್ಲಿ ಎರಡು ಗೆರೆ ಎಂದರೆ ತಪ್ಪು ಎಂದೇ ಅರ್ಥ. ಮನೆಯಲ್ಲಿ ಅವ್ವ ಪಲ್ಯಕ್ಕೆ ಉಪ್ಪು ಹೆಚ್ಚು ಹಾಕಿದರೂ ನಾನು "ಎರಡು ಗೆರಿ" ಎಂದು ಹೇಳಿ ಬೈಸಿಕೊಳ್ಳುತ್ತಿದ್ದೆ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇವರು ಕಾಗಿನೆಲೆಯಲ್ಲಿ ನನಗೆ ನಾಲ್ಕು ವರ್ಷ ಕಲಿಸಿದವರು. ಬ್ಯಾಡಗಿಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದರು, ದಿನಾ ಬೆಳಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಗಳಗನಾಥದ ಕಡೆ ಒಬ್ಬ ಅಣ್ಣನಿದ್ದನಂತೆ, ಅವನೂ ತೀರಿಕೊಂಡ ಮೇಲೆ ಆ ದಾರಿಯೂ ಮುಚ್ಚಿತು.

ಮೂರನೆಯ ತರಗತಿಯಲ್ಲಿ ನಾನೊಮ್ಮೆ ಜ್ವರ ಬಂದಿದೆ ಎಂದು ಸುಳ್ಳು ರಜಾ ಚೀಟಿ ಬರೆದು ಗೆಳತಿಯ ಕೈಯಲ್ಲಿ ಕಳಿಸಿದ್ದೆ. ಅಪ್ಪನ ಸಹಿಯನ್ನೂ ನಾನೇ ಮಾಡಿದ್ದೆ. ಸಂಜೆ ಅಂಗಳದಲ್ಲಿ ಕುಂಟುತ್ತ ಬಿಲ್ಲೆ ಆಡುತ್ತಿದ್ದೇನೆ, ತಲೆ ಎತ್ತಿದರೆ ಎದುರಿಗೆ ಅಕ್ಕೋರು! ಬಸ್ಸು ಬಿಟ್ಟು ನನ್ನನ್ನು ನೋಡಲು ಬಂದಿದ್ದರು. ಕೈಯಲ್ಲಿ ಎರಡು ಮೋಸಂಬಿ. ಹೊಡೆಯಲಿಲ್ಲ, ಅಪ್ಪನಿಗೆ ಹೇಳಲೂ ಇಲ್ಲ. ಕಟ್ಟೆಯ ಮೇಲೆ ಕುಳಿತು, "ನಿನ್ನ ಜ್ವರಕ್ಕಂತ ತಂದೇನಿ, ತಿನ್ನು" ಎಂದರು. ಎರಡನ್ನೂ ತಿನ್ನಿಸಿದರು. ಆ ಮೋಸಂಬಿಯಷ್ಟು ಕಹಿಯಾದದ್ದನ್ನು ನಾನು ಮುಂದೆ ಬೇವಿನ ಕಷಾಯದಲ್ಲೂ ಕಂಡಿಲ್ಲ. ಎದ್ದು ಹೊರಡುವಾಗ ಅಂದರು:

"ಇಲ್ಲದ ಜಡ್ಡು ಕಾಗದದಾಗ ಬರೀಬಾರದವಾ. ಕರದರ ಅದು ಬರತೈತಿ."

ಅಂಥವರು ಮುಂದೆ ಹನ್ನೊಂದು ಸಲ ಇಲ್ಲದ ಜಡ್ಡು ಬರೆಸಿಕೊಂಡು ಬಂದರು. ಹನ್ನೊಂದು ಸಲವೂ ಅದಕ್ಕೆ ಶಿಕ್ಕಾ, ಅಂದರೆ ಮುದ್ರೆ, ಒತ್ತಿದವಳು ನಾನು. ಈ ಮಾತನ್ನು ಹೇಳಿಬಿಡಬೇಕು ಎಂದೇ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಅವರ ಇನ್ನೊಂದು ರೂಢಿ ಹೇಳಬೇಕು. ನಮ್ಮಲ್ಲಿ ಮದುವೆ, ಬಸುರಿಯ ಕುಬಸ, ತೊಟ್ಟಿಲು, ಹೊಸ ಮನೆ ಯಾವುದಿದ್ದರೂ ಹತ್ತಿರದವರು ಆಯೇರಿ ಮಾಡುತ್ತಾರೆ, ಬಟ್ಟೆಯೋ ಪಾತ್ರೆಯೋ ಕೊಡುತ್ತಾರೆ. ಪಾತ್ರೆಯಾದರೆ ಅಂಗಡಿಯಲ್ಲೇ ಹೆಸರು ಹಾಕಿಸುತ್ತಾರೆ: ಯಾರಿಗೆ, ಯಾರಿಂದ, ಯಾವುದರ ನಿಮಿತ್ತ. ಚುಕ್ಕಿ ಚುಕ್ಕಿಯಾಗಿ ಕೊರೆದ ಆ ಅಕ್ಷರ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಕ್ಕೋರು ತಾವು ಕಲಿಸಿದ ಯಾವ ಹುಡುಗಿಯ ಮದುವೆಯನ್ನೂ ತಪ್ಪಿಸಿದವರಲ್ಲ. ಪ್ರತಿ ಮದುವೆಗೂ ಒಂದು ಸ್ಟೀಲ್ ಡಬ್ಬಿ. ಹೆಸರು ಕೊರೆಯುವವನ ಪಕ್ಕದಲ್ಲೇ ನಿಂತು, ಶುದ್ಧಬರಹ ಹೇಳಿಸಿದ ಹಾಗೆ ಒಂದೊಂದೇ ಅಕ್ಷರ ಹೇಳಿ ಹಾಕಿಸುತ್ತಿದ್ದರು. ನನ್ನ ಮದುವೆಗೂ ಕೊಟ್ಟರು. ಇಂದಿಗೂ ನಮ್ಮ ಮನೆಯ ತೊಗರಿಬೇಳೆ ಅದರಲ್ಲೇ ಇರುತ್ತದೆ. ಅಕ್ಕೋರು ಕೊಡುವವರು, ನಾವು ತೆಗೆದುಕೊಳ್ಳುವವರು. ಅದು ಹಾಗಲ್ಲದೆ ಬೇರೆ ಹೇಗೂ ಇರಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನಾನು ಫಾರ್ಮಸಿ ಕಲಿತು, ಮದುವೆಯಾಗಿ ರಾಣೇಬೆನ್ನೂರಿಗೆ ಬಂದೆ. ಯಜಮಾನರಿಗೆ ಅಲ್ಲಿಯ ಒಂದು ಬೀಜದ ಕಂಪನಿಯಲ್ಲಿ ಕೆಲಸ. ನನಗೆ ಕೆಲಸ ಸಿಕ್ಕಿದ್ದು ಬ್ಯಾಡಗಿಯ ಒಂದು ಔಷಧಿ ಅಂಗಡಿಯಲ್ಲಿ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ, ಥೇಟ್ ಅಕ್ಕೋರ ಹಾಗೆ. ಮೆಣಸಿನಕಾಯಿಯ ಹಂಗಾಮಿನಲ್ಲಿ ಬ್ಯಾಡಗಿಗೆ ಕಾಲಿಡುತ್ತಲೇ ಬಸ್ಸಿನವರೆಲ್ಲ ಸೀನಲು ಹತ್ತುತ್ತಿದ್ದರು. ಹೊಸಬರು ಮೂಗಿಗೆ ಸೆರಗು ಹಿಡಿದರೆ ಊರಿನವರು ನಗುತ್ತಿದ್ದರು.

ಆ ವರ್ಷ ನಮ್ಮ ಮಾಲೀಕರು ಒಂದು ಯೋಜನೆ ತಂದರು. ಹನ್ನೆರಡು ಮನೆಗಳಿರುವ ಕಾರ್ಡು. ಡಾಕ್ಟರು ಬರೆದ ಚೀಟಿ ತೋರಿಸಿ ಔಷಧಿ ಒಯ್ದರೆ ಒಂದು ಮನೆಗೆ ಶಿಕ್ಕಾ. ಚೀಟಿ ಇಲ್ಲದೆ ಒಯ್ಯುವ ತಲೆನೋವಿನ ಗುಳಿಗೆಗೆ ಇಲ್ಲ. ದವಾಖಾನೆಯಿಂದ ಹೊರಟವರು ದಾರಿಯಲ್ಲಿನ ಬೇರೆ ಅಂಗಡಿ ಬಿಟ್ಟು ನಮ್ಮಲ್ಲಿಗೇ ಬರಲಿ ಎಂಬುದು ಲೆಕ್ಕ. ಹನ್ನೆರಡೂ ತುಂಬಿದರೆ ಒಂದು ಸ್ಟೀಲಿನ ಕೊಡ. ಬಹುಮಾನದ ಕೊಡಗಳು ಗಾಜಿನ ಕಪಾಟಿನ ಮೇಲೆ ಸಾಲಾಗಿ ಕುಳಿತವು, ಕೆಳಗೆ ಒಂದು ಬೋರ್ಡು: "ನಿಮ್ಮ ಹೆಸರು ಹಾಕಿಸಿ ಕೊಡಲಾಗುವುದು."

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಮಂದಿ ಎಲ್ಲ ಊರಲ್ಲೂ ಇದ್ದಾರೆ. ಆದರೆ ಬ್ಯಾಡಗಿಯವರಿಗೆ ಇದ್ದ ಅನುಕೂಲ ಬೇರೆಯವರಿಗಿಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಒಂದು ಸುತ್ತು ಹಾಕಿ ನೇರ ದವಾಖಾನೆಗೆ ಹೋದರೆ ಸಾಕು, ಕಣ್ಣು ಕೆಂಪು, ಮೂಗಿನಲ್ಲಿ ನೀರು, ಕೆಮ್ಮಂತೂ ತಾನಾಗಿಯೇ ಬರುತ್ತಿತ್ತು. ಯಾವ ಡಾಕ್ಟರು ಸುಳ್ಳೆಂದಾರು? ಕೆಮ್ಮಿನ ಔಷಧಿ ಬರೆದು ಕೊಡುತ್ತಿದ್ದರು. ಹಾಗೆ ಬಂದವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಗುಣವಾಗಿರುತ್ತಿದ್ದರು. ನಾನು ಒಮ್ಮೆ ಮಾಲೀಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ವ್ಯಾಪಾರಸ್ಥರು.

"ಚೀಟಿ ಐತಿಲ್ಲೋ? ಡಾಕ್ಟರ ಸಹಿ ಐತಿಲ್ಲೋ? ಶಿಕ್ಕಾ ಹೊಡಿ. ಜಡ್ಡು ಖರೇನೋ ಸುಳ್ಳೋ ನೋಡೂದು ನಮ್ಮ ಕೆಲಸ ಅಲ್ಲವಾ."

ನನಗೂ ಆ ಮಾತು ಅನುಕೂಲವೇ ಆಯಿತು, ಸುಮ್ಮನಾದೆ.

ಅಕ್ಕೋರು ಮೊದಲ ಸಲ ಬಂದಾಗ ನಾನು ಗಡಬಡಿಸಿ ಎದ್ದು ನಿಂತೆ. ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ಅದೇ ಕಾಟನ್ ಸೀರೆ, ಅದೇ ಕಪ್ಪು ಕೊಡೆ. "ಎದ್ದು ನಿಂದ್ರಬ್ಯಾಡ, ಇದು ಸಾಲಿ ಅಲ್ಲ" ಎಂದು ಚೀಟಿ ಮುಂದಿಟ್ಟರು. ಮೊಣಕಾಲು ನೋವು. ಔಷಧಿ ಕೊಟ್ಟು, ಹೊಸ ಕಾರ್ಡು ಮಾಡಿ, ಮೊದಲ ಮನೆಗೆ ಶಿಕ್ಕಾ ಒತ್ತಿದೆ. ಅವರ ಕಣ್ಣು ಕಪಾಟಿನ ಮೇಲೆ ಹೋದದ್ದನ್ನು ನೋಡಿದೆ. ವಯಸ್ಸಾಯಿತು, ಮೊಣಕಾಲು ನೋಯುತ್ತಿರಬಹುದು ಎಂದುಕೊಂಡೆ.

ಮುಂದಿನ ವಾರ ಬೇರೆ ಡಾಕ್ಟರ ಚೀಟಿ, ಸೊಂಟ ನೋವು. ಅದರ ಮುಂದಿನ ವಾರ ಮೂರನೆಯ ಡಾಕ್ಟರು, ಮತ್ತೆ ಮೊಣಕಾಲು. ಒಂದು ದಿನ ನಾನು ಚಹಾ ತರಲು ಹೊರಗೆ ಹೋದಾಗ ಅಕ್ಕೋರು ದವಾಖಾನೆಯತ್ತ ಹೋಗುತ್ತಿರುವುದು ಕಂಡಿತು. ಎಡಗಾಲು ಎಳೆಯುತ್ತ, ಕೊಡೆ ಊರುತ್ತ ಹೋಗುತ್ತಿದ್ದರು. ಅರ್ಧ ತಾಸಿನ ಮೇಲೆ ಅಂಗಡಿಗೆ ಬಂದರು, ಶಾಲೆಯ ಗಂಟೆ ಹೊಡೆದಾಗ ಬರುತ್ತಿದ್ದ ಹಾಗೆ ನೆಟ್ಟಗೆ, ಸರಸರ. ನನಗೆ ನಗು ತಡೆಯಲಿಲ್ಲ. ಸಂಜೆ ಮನೆಯಲ್ಲಿ ಯಜಮಾನರ ಮುಂದೆ ಕುಂಟಿ ತೋರಿಸಿ ಅವರನ್ನೂ ನಗಿಸಿದೆ. ಇಷ್ಟು ಹಗುರಾಗಿ ನಕ್ಕಿದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಒಂದು ವಾರ ಕೆಮ್ಮಿನ ಚೀಟಿಯೂ ಬಂತು. ಕಣ್ಣು ಕೆಂಪಾಗಿತ್ತು. ಎಲ್ಲರ ಹಾಗೆ ಅವರೂ ಪೇಟೆಯಲ್ಲಿ ಒಂದು ಸುತ್ತು ಹಾಕಿದ್ದರು.

ಹತ್ತನೆಯ ಶಿಕ್ಕಾದ ದಿನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿಯೇಬಿಟ್ಟೆ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಮೊಣಕಾಲು ಖರೇನ ನೋಯತಾವೇನ್ರಿ?"

ಅವರು ನನ್ನ ಮುಖ ನೋಡಲಿಲ್ಲ. ಕಪಾಟಿನ ಮೇಲೆ ನೋಡಿದರು.

"ಮೂವತ್ತು ವರ್ಷ ಊರ ಮಂದಿಗೆಲ್ಲಾ ಆಯೇರಿ ಮಾಡೇನಿ ನಾನು. ನನಗ ಮಾಡಾಕ ಮಂದಿಗೆ ಒಂದು ನಿಮಿತ್ತನ ಸಿಗಲಿಲ್ಲ. ಮದುವಿ ಇಲ್ಲ, ತೊಟ್ಟಿಲ ಇಲ್ಲ, ಸ್ವಂತ ಮನಿ ಇಲ್ಲ. ಸಾಲಿ ಬಿಡೂ ದಿನ ಶಾಲು ಹೊಚ್ಚಿ ಕಳಿಸಿದ್ರು. ಶಾಲಿಗೆ ಯಾರರ ಹೆಸರು ಹಾಕಸ್ತಾರೇನು? ನನ್ನ ಹೆಸರು ಎಲ್ಲಾರ ಅಡಗಿಮನ್ಯಾಗೂ ಐತಿ. ನನ್ನ ಅಡಗಿಮನ್ಯಾಗ ಯಾರ ಹೆಸರೂ ಇಲ್ಲವಾ."

"ಆ ಕೊಡದ ಮ್ಯಾಲೆ ನಿಮಗ ಕೊಟ್ಟವರು ಅಂತ ಅಂಗಡಿ ಹೆಸರು ಬರತೈತಿ ಅಷ್ಟ ಅಕ್ಕೋರ" ಎಂದೆ.

"ಬರಲಿ ಬಿಡು. ಯಾರದರ ಬರಲಿ."

ಆ ಕ್ಷಣದಲ್ಲಿ ನಾನು ಮಾಡಬೇಕಾದ್ದು ಸಣ್ಣ ಕೆಲಸ. ಕಾರ್ಡು ಇಸಿದುಕೊಂಡು ಹರಿದು, ಪಕ್ಕದ ಪಾತ್ರೆ ಅಂಗಡಿಯಿಂದ ಒಂದು ಕೊಡ ತಂದು ಕೊಟ್ಟಿದ್ದರೆ ಮುಗಿಯುತ್ತಿತ್ತು. ಹೊಳೆಯಲಿಲ್ಲ. ಪಾಪ, ಇನ್ನೆರಡು ಚೀಟಿ ತಾನೇ, ತಂದುಕೊಳ್ಳಲಿ ಎನಿಸಿತು. ಹತ್ತನೆಯ ಶಿಕ್ಕಾ ಒತ್ತಿದೆ. ಮುಂದಿನ ವಾರ, ಎಲ್ಲ ಗೊತ್ತಿದ್ದೂ, ಹನ್ನೊಂದನೆಯದನ್ನೂ ಒತ್ತಿದೆ. ಅದನ್ನು ಕರುಣೆ ಎಂದುಕೊಂಡಿದ್ದೆ.

ಹನ್ನೆರಡನೆಯ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಂದೇ ಮನೆ ಉಳಿದಿರುವಾಗ ಬಿಡುವವರಲ್ಲ ಅವರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ವಿಚಾರಿಸುತ್ತ ಅವರ ಕೋಣೆಗೆ ಹೋದೆ. ಇಷ್ಟು ದಿನ ಅದೇ ಊರಿಗೆ ಬಂದುಹೋಗುತ್ತಿದ್ದೂ ನಾನು ಅವರ ಮನೆ ನೋಡಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಚಾಪೆಯ ಮೇಲೆ ಮಲಗಿದ್ದರು. ಮುಖ ಸುಣ್ಣದ ಗೋಡೆಯಾಗಿತ್ತು. "ಎದ್ದು ನಿಂತ್ರ ಕಣ್ಣು ಕತ್ತಲಿ ಬರತೈತಿ" ಎಂದರು. ಹೊಟ್ಟೆ ಉರಿ ಎಂದರು. ಬಹಳ ಸಂಕೋಚದಿಂದ, ಹೊರಕಡೆಗೆ ಹೋದರೆ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತದೆ ಎಂದರು. ಹೊಟ್ಟೆಯೊಳಗೆ ರಕ್ತ ಒಸರಿದರೆ ಹಾಗಾಗುತ್ತದೆ ಎಂದು ನಾನು ಓದಿದ್ದೆ. ಗೂಡಿನಲ್ಲಿ ನಮ್ಮ ಅಂಗಡಿಯ ಕವರುಗಳೆಲ್ಲ ಸಾಲಾಗಿದ್ದವು. ತೆಗೆದು ನೋಡಿದೆ. ಗುಳಿಗೆಯ ಹಾಳೆಗಳು ಹೆಚ್ಚುಕಡಿಮೆ ಎಲ್ಲವೂ ಖಾಲಿ.

"ಇವನ್ನೆಲ್ಲಾ ತಗೊಂಡ್ರೇನ್ರಿ?"

"ಮತ್ತ? ರೊಕ್ಕಾ ಕೊಟ್ಟು ತಂದಿದ್ದು ಒಗೀತಾರೇನು? ಅನ್ನ ಚೆಲ್ಲಿದಂಗ ಆಗಂಗಿಲ್ಲೇನು? ಚೀಟಿ ಹೆಂಗ ಬರದಿತ್ತೋ ಹಂಗ ಹೊತ್ತಹೊತ್ತಿಗೆ ತಗೊಂಡೇನಿ."

ಅವರು ಗುಳಿಗೆಗಳನ್ನು ಎಸೆಯುತ್ತಿರುತ್ತಾರೆ ಎಂದು ನಾನು ತಿಳಿದಿದ್ದೆ. ಸುಳ್ಳು ಜಡ್ಡಿನವರೆಲ್ಲ ಹಾಗೇ ಮಾಡುತ್ತಿದ್ದರು. ಆದರೆ ಸೀಮೆಸುಣ್ಣದ ಚೂರನ್ನೂ ಡಬ್ಬಿಯಲ್ಲಿ ಎತ್ತಿಡುತ್ತಿದ್ದ ಹೆಂಗಸು ಇವರು. ಬರೆಸಿದ್ದು ಸುಳ್ಳಾದರೂ ನುಂಗಿದ್ದು ಖರೇ. ಮೂರು ಡಾಕ್ಟರು ಮೂರು ಹೆಸರಿನಿಂದ ಬರೆದದ್ದು ಒಂದೇ ನೋವಿನ ಔಷಧಿ, ಹೆಚ್ಚಾದರೆ ಹೊಟ್ಟೆಯನ್ನು ಹುಣ್ಣು ಮಾಡುವಂಥದ್ದು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೂರನ್ನೂ ನೋಡಿದವಳು, ಮೂರೂ ಒಂದೇ ಎಂದು ತಿಳಿದವಳು ನಾನೊಬ್ಬಳೇ. ಅಷ್ಟನ್ನು ಹೇಳುವುದಕ್ಕೇ ನನ್ನನ್ನು ಆ ಖುರ್ಚಿಯಲ್ಲಿ ಕೂರಿಸಿದ್ದರು.

ಒಂದು ಜೀಪು ಮಾಡಿಕೊಂಡು ಹಾವೇರಿಯ ದೊಡ್ಡ ದವಾಖಾನೆಗೆ ಕರೆದೊಯ್ದೆ. ದಾಖಲೆ ಬರೆಯುವವನು "ನೀವು ಪೇಶಂಟಿಗೆ ಏನಾಗಬೇಕ್ರಿ?" ಎಂದು ಕೇಳಿದ. "ವಿದ್ಯಾರ್ಥಿ" ಎಂದೆ. "ಅದನ್ನ ಬರಿಯಾಕ ಬರಂಗಿಲ್ರಿ, ಸಂಬಂಧ ಹೇಳ್ರಿ" ಎಂದ. ಬೇರೆ ಯಾರಾದರೂ ಇದ್ದಾರೆಯೇ ಎಂದು ಅಕ್ಕೋರನ್ನು ಕೇಳಿದರೆ ಅವರು ಕಣ್ಣು ಮುಚ್ಚಿಕೊಂಡರು. ಕೊನೆಗೆ ಆ ಜಾಗ ಖಾಲಿಯೇ ಉಳಿಯಿತು.

ಡಾಕ್ಟರು ಬಂದು ಇಷ್ಟೊಂದು ಗುಳಿಗೆ ಯಾಕೆ ತೆಗೆದುಕೊಂಡಿರಿ, ಎಲ್ಲಿ ನೋವಿತ್ತು ಎಂದು ಕೇಳಿದರು. ನಾನು ಏನಾದರೂ ಹೇಳಿ ಮುಚ್ಚಿಹಾಕಬೇಕೆಂದು ಬಾಯಿ ತೆರೆದೆ. ಅಕ್ಕೋರು ಕೈ ಎತ್ತಿ ತಡೆದರು. ಆ ವಾರ್ಡಿನ ಮಂದಿಯೆಲ್ಲ ಕೇಳುವಂತೆ, ತರಗತಿಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದರು:

"ಎಲ್ಲೂ ನೋವಿರಲಿಲ್ರಿ. ಒಂದು ಕೊಡದ ಆಸೇಕ್ಕ ಸುಳ್ಳು ಹೇಳಿ ಬರಿಸಿಕೊಂಡೇನ್ರಿ."

ಯಾರೋ ಕಿಸಕ್ಕೆಂದು ನಕ್ಕರು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಎರಡು ಬಾಟಲಿ ರಕ್ತ ಹಾಕಿದ ಮೇಲೆ ಮುಖಕ್ಕೆ ಬಣ್ಣ ಬಂತು. ಮೂರನೆಯ ದಿನ ನಾನು ಹೋದಾಗ ಎದ್ದು ಕುಳಿತಿದ್ದರು. ತಲೆದಿಂಬಿನ ಕೆಳಗಿನ ಪರ್ಸಿನಿಂದ ಕಾರ್ಡು ತೆಗೆದರು. ಒಂದೊಂದು ಶಿಕ್ಕಾದ ಕೆಳಗೂ ಆ ಸೀಳಿದ ಉಗುರಿನಿಂದ ಒತ್ತಿ ಎಳೆದರು. ಹನ್ನೊಂದು ಸಲ. ರಟ್ಟಿನ ಮೇಲೆ ಎರಡೆರಡು ಗೆರೆ ಮೂಡಿದವು. ಮುಗಿಯಿತು ಎಂದುಕೊಂಡೆ. ಅವರು ಹನ್ನೆರಡನೆಯ ಖಾಲಿ ಮನೆಯ ಕೆಳಗೂ ಎಳೆದರು.

"ಅದು ಖಾಲಿ ಐತಲ್ರಿ ಅಕ್ಕೋರ."

"ಅದು ನಿಂದು. ನೀ ಕಲಿತಾಕಿ. ತಿಳಿದೂ ತಿಳಿದೂ ಹೊಡದಿ."

ಬೈಗುಳವಾಗಿ ಹೇಳಲಿಲ್ಲ. ಪಾಟಿ ಮರಳಿ ಕೊಟ್ಟ ಹಾಗೆ ಕಾರ್ಡನ್ನು ನನ್ನ ಕೈಗೆ ಕೊಟ್ಟರು.

ನಾನು ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಅವರಿಗೂ ಹೆದರಿಕೆಯಾಯಿತು. ಆದರೂ ಅಚ್ಚು ಹಾಕಿಸಿದ ಕಾರ್ಡು ಖರ್ಚಾಗುವ ತನಕ ಯೋಜನೆ ನಡೆಸಿದರು. ನಾನು ದೊಡ್ಡ ಜಗಳವನ್ನೇನೂ ಆಡಲಿಲ್ಲ. ಶಿಕ್ಕಾ ಒತ್ತುವುದನ್ನು ಮಾತ್ರ ನಿಲ್ಲಿಸಿದೆ, ಅದನ್ನು ಅವರೇ ಒತ್ತುತ್ತಿದ್ದರು. ಕೆಲವು ತಿಂಗಳಿಗೆ ರಾಣೇಬೆನ್ನೂರಿನಲ್ಲಿ ಬೇರೆ ಕೆಲಸ ಸಿಕ್ಕಿತು, ಬಿಟ್ಟೆ.

ಬಿಡುವ ಮೊದಲು ರಾಣೇಬೆನ್ನೂರಿನ ಪಾತ್ರೆ ಅಂಗಡಿಯಲ್ಲಿ ಒಂದು ಕೊಡ ಕೊಂಡೆ. ಹೆಸರು ಕೊರೆಯುವ ಮುದುಕ ಯಾರಿಗೆ ಎಂದು ಕೇಳಿದ. "ಅಕ್ಕೋರಿಗೆ ಅಂತ ಬರೀರಿ." ಯಾರಿಂದ? ನನ್ನ ಹೆಸರು, ಊರು ಹೇಳಿದೆ.

"ಯಾತರ ನಿಮಿತ್ತ?"

"ನಿಮಿತ್ತ ಇಲ್ರಿ."

ಅವನು ಯಂತ್ರ ನಿಲ್ಲಿಸಿ ನನ್ನನ್ನು ನೋಡಿದ. "ನಿಮಿತ್ತ ಇಲ್ಲದ ಯಾರು ಆಯೇರಿ ಮಾಡ್ತಾರವಾ?"

ಆ ಜಾಗವನ್ನು ಹಾಗೇ ಬಿಡಿಸಿದೆ.

ಕೊಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಅಕ್ಕೋರು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಅಕ್ಷರ ಅಕ್ಷರವಾಗಿ ಓದಿದರು. ಹೆಬ್ಬೆರಳು ನನ್ನ ಹೆಸರಿನ ಕೆಳಗೆ ಬಂದು ನಿಂತಿತು. ನನ್ನ ಮೈ ಮತ್ತೆ ಜುಮ್ಮೆಂದಿತು. ಅವರು ಗೆರೆ ಎಳೆಯಲಿಲ್ಲ. ಅಂಗೈಯಿಂದ ಒಮ್ಮೆ ಒರೆಸಿದರು, ಅಷ್ಟೇ. "ಕುಂದ್ರು, ಚಾ ಮಾಡತೇನಿ" ಎಂದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಒಂದು ಕೊಡದಿಂದ ಅವರ ಒಂಟಿತನ ನೀಗಿತು ಎಂದು ಬರೆದರೆ ನಾನು ಮತ್ತೆ ಎರಡು ಗೆರೆಗೆ ಗುರಿಯಾಗುತ್ತೇನೆ. ಆಮೇಲಿನ ಎರಡು ವರ್ಷಗಳಲ್ಲಿ ನಾನು ಹೋದದ್ದು ನಾಲ್ಕೋ ಐದೋ ಸಲ. ಪ್ರತಿ ಸಲವೂ ಬಸ್ಸಿನ ಹೊತ್ತಾಯಿತು ಎಂದು ಎದ್ದು ಬಂದೆ. ಪ್ರತಿ ಸಲವೂ ಅವರು ರಸ್ತೆಯ ತಿರುವಿನ ತನಕ ಬಂದು, ನಾನು ಕಾಣುವಷ್ಟು ಹೊತ್ತು ನಿಂತೇ ಇರುತ್ತಿದ್ದರು. ಮಗಳು ಹುಟ್ಟಿದ ಮೇಲೆ ಅದೂ ನಿಂತಿತು. ತೊಟ್ಟಿಲಿಗೆ ಅವರೇ ಬಂದರು, ಮಗುವಿಗೆ ಹಾಲು ಕುಡಿಸಲು ಹೆಸರು ಹಾಕಿಸಿದ ಒಂದು ಬೆಳ್ಳಿಯ ಒಳಲೆ ತಂದರು.

ಈಗ ರಾಣೇಬೆನ್ನೂರಿನಲ್ಲಿ ನನ್ನದೇ ಒಂದು ಸಣ್ಣ ಔಷಧಿ ಅಂಗಡಿ ಇದೆ. ಕಾರ್ಡು, ಕೂಪನ್ನು ಯಾವುದನ್ನೂ ಇಟ್ಟಿಲ್ಲ. ಚೀಟಿ ಕೈಗೆ ಬಂದರೆ "ಯಾರಿಗ್ರಿ? ಏನಾಗೈತಿ? ಬ್ಯಾರೆ ಏನರ ಗುಳಿಗಿ ತಗೊಳ್ಳಾಕತ್ತೀರೇನು?" ಎಂದು ಕೇಳುತ್ತೇನೆ. ಈ ಅಂಗಡಿ ಬಾಯಾರು ಬಹಳ ಕೇಳತಾರ ಎಂದು ಬೇರೆ ಅಂಗಡಿಗೆ ಹೋಗುವವರಿದ್ದಾರೆ. ಹೋಗಲಿ. ಗಲ್ಲಾಪೆಟ್ಟಿಗೆಯ ಖಾನೆಯಲ್ಲಿ ಆ ಕಾರ್ಡು ಇದೆ, ಹನ್ನೆರಡನೆಯ ಮನೆಯನ್ನು ಆಗಾಗ ಬೆರಳಿನಿಂದ ಸವರುತ್ತೇನೆ. ಗೆರೆ ಇನ್ನೂ ಕೈಗೆ ಹತ್ತುತ್ತದೆ.

ಒಂದು ಬೆಳಗ್ಗೆ ಬ್ಯಾಡಗಿಯಿಂದ ಫೋನು ಬಂತು. ಅಕ್ಕೋರ ಮನೆಯ ಮಾಲೀಕರು. ನನಗೆ ಅವರ ಪರಿಚಯವೂ ಇರಲಿಲ್ಲ.

"ಜಡ್ಡೇನೂ ಇರಲಿಲ್ರಿ. ಮುಂಜಾನೆ ಕುಂತಲ್ಲೇ ಹ್ವಾದ್ರು. ಯಾರಿಗೆ ಹೇಳಬೇಕಂತ ಮನಿಯೆಲ್ಲಾ ಹುಡುಕಿದ್ವಿ. ಒಂದು ಪತ್ರ ಇಲ್ಲ, ಒಂದು ನಂಬರ್ ಇಲ್ಲ. ಕಡೀಕ ನೀರಿನ ಕೊಡದ ಮ್ಯಾಲೆ ನಿಮ್ಮ ಹೆಸರು, ಊರು ಇತ್ತು ನೋಡ್ರಿ. ಔಷಧಿ ಅಂಗಡಿಯಾಗ ಇದ್ದ ಬಾಯಾರಂತ ಯಾರೋ ಗುರ್ತು ಹಿಡದ್ರು, ಅಲ್ಲಿಂದ ನಂಬರ್ ತಗೊಂಡ್ವಿ." ಆಮೇಲೆ ಕೇಳಿದರು: "ನೀವು ಅವರಿಗೆ ಏನಾಗಬೇಕ್ರಿ?"

ಹಾವೇರಿಯಲ್ಲಿ ಖಾಲಿ ಬಿಟ್ಟ ಜಾಗ ನೆನಪಾಯಿತು.

"ಬಳಗದವರ್ರಿ" ಎಂದೆ. "ನಾ ಬರೂತನಕ ಅವರನ್ನ ಒಯ್ಯಬ್ಯಾಡ್ರಿ. ಬಂದ್ನಿ."